ಅಂಡಾಣುವಿಗೂ ಮಾಗಲು ಹೊತ್ತು ಬೇಕು

ರಾಯದುರ್ಗದ ಕೋಟೆ ಬೆಟ್ಟದಲ್ಲೂ ಮಡಕಶಿರಾ ಕಡೆಯ ಶೇಂಗಾ ಹೊಲಗಳಲ್ಲೂ ಓಡಾಡುವ ಕೋತಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿ. ವಿಜ್ಞಾನಿಗಳು ಅದನ್ನು ಮಕಾಕ ರೇಡಿಯೇಟ ಎನ್ನುತ್ತಾರೆ. ಹೆಣ್ಣುಕೋತಿ ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಅಪಾರ ಸಂಖ್ಯೆಯ ಎಳೆ ಅಂಡಾಣುಗಳಿರುತ್ತವೆ. ಮಾಗಿ ಹೊರಬೀಳುವುದು ಕೆಲವೇ ಕೆಲವು, ಉಳಿದವು ಅಲ್ಲೇ ನಶಿಸುತ್ತವೆ. ಮನುಷ್ಯರಲ್ಲೂ ಹೀಗೆಯೇ. ನಶಿಸುವ ಮುನ್ನ ಅವನ್ನು ಹೊರತೆಗೆದು ಪ್ರಯೋಗಾಲಯದಲ್ಲಿ ಮಾಗಿಸಬಹುದೇ ಎಂಬ ಹುಡುಕಾಟಕ್ಕೆ ಈಗ ಸುಮಾರು ತೊಂಬತ್ತು ವರ್ಷ.

ಅಂಡಾಶಯದಿಂದ ಬಿಡಿಸಿದ ಮೊಲದ ಅಂಡಾಣು ತಾನಾಗಿಯೇ ವಿಭಜನೆ ಮುಂದುವರಿಸುತ್ತದೆ ಎಂದು 1935ರಲ್ಲಿ ವಿಜ್ಞಾನಿಗಳಾದ ಪಿಂಕಸ್ ಮತ್ತು ಎನ್ಜ್‌ಮನ್ ತೋರಿಸಿದರು. ಮನುಷ್ಯರ ಅಂಡಾಣುವಿಗೂ ಹನ್ನೆರಡು ಗಂಟೆ ಸಾಕು ಎಂದು ಪಿಂಕಸ್ ಬರೆದರು. ಆ ಮಾತನ್ನು ನಂಬಿ ಹನ್ನೆರಡು ಗಂಟೆ ಕಾದ ರಾಬರ್ಟ್ ಎಡ್ವರ್ಡ್ಸ್‌ಗೆ ಏನೂ ಕಾಣಲಿಲ್ಲ. ಅವರು ಬಿಡದೆ ಇನ್ನಷ್ಟು ಕಾದರು. ಸುಮಾರು ಒಂದೂವರೆ ದಿನ ಬೇಕೆಂಬುದು ಆಗ ತಿಳಿಯಿತು. 1965ರ ಅವರ ಪ್ರಬಂಧದಲ್ಲಿ ಇಲಿ, ಕುರಿ, ಹಸು, ಹಂದಿಗಳ ಜೊತೆಗೆ ರೀಸಸ್ ಮಂಗ ಮತ್ತು ಮನುಷ್ಯರ ಅಂಡಾಣುಗಳೂ ಇದ್ದವು. ಪ್ರಣಾಳ ಶಿಶುವಿನ ಚರಿತ್ರೆಯನ್ನು ಮೊದಲ ಶಿಶು ಹುಟ್ಟಿದ 1978ರಿಂದ ಹೇಳುವವರು ಈ ಕಾಯುವಿಕೆಯನ್ನು ಮರೆಯಬಾರದು.

ಆದರೆ ಮಾಗಿದಂತೆ ಕಂಡ ಅಂಡಾಣುಗಳಿಂದ ಭ್ರೂಣ ಬೆಳೆಯುವುದೇ ಅಪರೂಪವಾಗಿತ್ತು. ಅಡೆ ಹಾಕಿದ ಮಾವಿನ ಸಿಪ್ಪೆ ಹಳದಿಯಾದರೂ ತಿರುಳು ಹುಳಿಯಾಗಿ ಉಳಿಯುವ ಹಾಗೆ, ಕೋಶಕೇಂದ್ರ ಮುಂದೆ ಸಾಗಿದರೂ ಸುತ್ತಲಿನ ಕೋಶರಸ ಹಿಂದೆ ಬಿದ್ದಿರುತ್ತಿತ್ತು. ತಪ್ಪು ಪೋಷಕ ದ್ರವದಲ್ಲಿಯೂ ಇತ್ತು. ವಿಸ್ಕಾನ್ಸಿನ್‌ನಲ್ಲಿ ಬ್ಯಾರಿ ಬ್ಯಾವಿಸ್ಟರ್ ತಂಡ ಪ್ರಣಾಳದಲ್ಲಿ ಫಲಿತಗೊಂಡ ರೀಸಸ್ ಮರಿಯ ಜನನವನ್ನು 1984ರಲ್ಲಿ ವರದಿ ಮಾಡಿತು. ಅದೇ ಬ್ಯಾವಿಸ್ಟರ್ ಜೊತೆ ಪಿ.ಬಿ. ಶೇಷಗಿರಿ, ಗ್ಲೂಕೋಸ್ ಮತ್ತು ಫಾಸ್ಫೇಟ್ ಒಟ್ಟಿಗೆ ಇದ್ದರೆ ಹ್ಯಾಮ್‌ಸ್ಟರ್ ಭ್ರೂಣದ ಬೆಳವಣಿಗೆಗೆ ತಡೆ ಬೀಳುತ್ತದೆಂದು 1989ರಲ್ಲಿ ತೋರಿಸಿದರು. ಶೇಷಗಿರಿ ಮುಂದೆ ರೀಸಸ್ ಭ್ರೂಣಗಳ ಮೇಲೂ ಕೆಲಸ ಮಾಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಪ್ರಯೋಗಾಲಯದಲ್ಲೇ ಮಾಗಿಸಿದ ಅಂಡಾಣುವಿನಿಂದ ರೀಸಸ್ ಮರಿ ಹುಟ್ಟಿದ ಸುದ್ದಿ ಬಂದದ್ದು 2000ದಲ್ಲಿ, ಶ್ರಾಮ್ ಅವರಿಂದ. ಮನುಷ್ಯರಲ್ಲಿ ಕೊರಿಯಾದ ಚಾ ತಂಡ ಅದನ್ನು 1991ರಲ್ಲೇ ಸಾಧಿಸಿತ್ತು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು, ಅಂಡಾಣುವನ್ನು ಅವಸರಿಸುವುದು ಬಿಟ್ಟು ತಡೆದು ನಿಲ್ಲಿಸಲು ಕಲಿತದ್ದು. ಒಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಸಂಕೇತ ಅಣು ಹೆಚ್ಚಿರುವವರೆಗೆ ಅಂಡಾಣು ವಿಭಜನೆ ಶುರು ಮಾಡದು. ಈ ತಡೆಗೆ ಬೇಕಾದ ಸಂಕೇತವಾದ ಸಿ.ಎನ್.ಪಿ. ಎಂಬ ಪುಟ್ಟ ಪ್ರೋಟೀನು ಸುತ್ತಲಿನ ಜೀವಕೋಶಗಳಿಂದ ಬರುತ್ತದೆಂದು 2010ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಹಾಗಾಗಿ ಈಗ ಎರಡು ಹಂತ: ಮೊದಲು ತಡೆದು ಕೋಶರಸಕ್ಕೆ ಸಮಯ ಕೊಡುವುದು, ಆಮೇಲೆ ಹಾರ್ಮೋನು ಕೊಟ್ಟು ಮಾಗಿಸುವುದು. ಬ್ರಸೆಲ್ಸ್ ಮತ್ತು ವಿಯೆಟ್ನಾಂ ವೈದ್ಯರು ಇದನ್ನು ಚಿಕಿತ್ಸೆಗೆ ತಂದರು. ಹಾರ್ಮೋನು ಚುಚ್ಚುಮದ್ದು ಅಪಾಯವಾಗಬಹುದಾದ ಪಿ.ಸಿ.ಒ.ಎಸ್. ಇರುವ ಹೆಣ್ಣುಮಕ್ಕಳಿಗೆ, ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ಕಾಯಲು ಆಗದವರಿಗೆ ಇದು ದೊಡ್ಡ ಆಸರೆ. ಅಮೆರಿಕದ ಸಂತಾನ ವೈದ್ಯಕೀಯ ಸಂಘ 2021ರಲ್ಲಿ, ಪ್ರಯೋಗಾಲಯದಲ್ಲಿ ಅಂಡಾಣು ಮಾಗಿಸುವ ಚಿಕಿತ್ಸೆಗಿದ್ದ ‘ಪ್ರಾಯೋಗಿಕ’ ಎಂಬ ಹಣೆಪಟ್ಟಿ ತೆಗೆಯಿತು. ಆದರೂ ಗರ್ಭಫಲದ ಪ್ರಮಾಣ ಮಾಮೂಲಿ ಪ್ರಣಾಳ ಚಿಕಿತ್ಸೆಗಿಂತ ಕೊಂಚ ಕಡಿಮೆಯೇ.

ಒರೆಗಾನ್‌ನ ಪ್ರೈಮೇಟ್ ಕೇಂದ್ರದವರು ಇನ್ನೂ ಹಿಂದಿನ ಹಂತಕ್ಕೆ ಕೈ ಹಾಕಿ, ಅಂಡಾಣುವನ್ನು ಒಳಗಿಟ್ಟುಕೊಂಡಿರುವ ರೀಸಸ್‌ನ ಎಳೆ ಅಂಡಕೋಶಕಗಳನ್ನೇ ಆಲ್ಜಿನೇಟ್ ಅಂಟಿನ ಗೋಲಿಗಳೊಳಗೆ ವಾರಗಟ್ಟಲೆ ಬೆಳೆಸಿದ್ದಾರೆ.

ಈ ಚರಿತ್ರೆಯಲ್ಲಿ ನಮ್ಮ ಕೋತಿಗೆ ಸಿಕ್ಕ ಜಾಗ ಚಿಕ್ಕದು. ಎನ್.ಆರ್. ಮೌದ್ಗಲ್ ಬೆಂಗಳೂರಿನಲ್ಲಿ ಇದೇ ಜಾತಿಯ ಮೇಲೆ ದಶಕಗಳ ಕಾಲ ಹಾರ್ಮೋನು ಸಂಶೋಧನೆ ನಡೆಸಿ ಭದ್ರ ಬುನಾದಿ ಹಾಕಿದರು. ಈ ಕೋತಿ ಇಂದು ಅಪಾಯಕ್ಕೊಳಗಾಗಬಹುದಾದ ಜೀವಿಗಳ ಪಟ್ಟಿಯಲ್ಲಿದೆ, ಉತ್ತರದಿಂದ ರೀಸಸ್ ಮಂಗ ಅದರ ನೆಲೆಗೆ ನುಗ್ಗುತ್ತಿದೆ. ಸತ್ತ ಕೋತಿಯ, ಸಿಂಗಳೀಕದ ಅಂಡಾಶಯ ಉಳಿಸಿ ಬಳಸಬೇಕಾದರೆ ರೀಸಸ್‌ಗೆ ಹೊಂದಿಸಿದ ದ್ರವ, ರೀಸಸ್‌ಗೆ ಕೊಟ್ಟ ಹೊತ್ತು ಸರಿಹೋಗುತ್ತದೆಂದು ಊಹಿಸುವಂತಿಲ್ಲ. ಎಷ್ಟು ಗಂಟೆ ತಡೆಯಬೇಕು, ಎಷ್ಟು ಹಾರ್ಮೋನು ಬೇಕು ಎಂಬುದನ್ನು ಈ ಜಾತಿಗಳ ಅಂಡಾಣುಗಳಲ್ಲೇ ಅಳೆಯಬೇಕು. ಹೈದರಾಬಾದಿನ ಲಾಕೋನ್ಸ್‌ನಂಥ ವನ್ಯಜೀವಿ ಪ್ರಯೋಗಾಲಯವೂ ಬೆಂಗಳೂರಿನ ಹಾರ್ಮೋನು ಪರಿಣತಿಯೂ ಒಂದಾದರೆ ಆಗುವ ಕೆಲಸ ಇದು.