ದಂಡ ಎಂಬ ದೊಣ್ಣೆ

ಮುಂಬಯಿಯ ಜೋಗೇಶ್ವರಿ ಪೂರ್ವದಲ್ಲಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಹತ್ತಿರದಲ್ಲೇ, ಆರನೇ ಶತಮಾನದ ಗುಹಾಲಯವಿದೆ. ಅದರ ಬಾಗಿಲ ಮೇಲೆ ಲಕುಲೀಶ ಕೂತಿದ್ದಾನೆ, ಮಳೆಗಾಳಿಗೆ ಸವೆದು. ಲಕುಲ ಎಂದರೆ ದೊಣ್ಣೆ. ಪಾಶುಪತ ಶೈವರ ಈ ಗುರು ನಮ್ಮ ಬಳ್ಳಿಗಾವೆಯ ಕಾಳಾಮುಖರಿಗೂ ಬೇಕಾದವನು.

ದಂಡವೂ ಮೂಲದಲ್ಲಿ ಕೋಲೇ. ರಾಜನ ಕೈಗೆ ಹೋಗಿ ದಂಡನೀತಿಯಾಯಿತು, ಸೇನಾಪತಿ ದಂಡನಾಯಕನಾದ, ಅವನ ಹಿಂದಿನ ಸೈನ್ಯ ದಂಡು. ಬೆಂಗಳೂರಿನ ಕಂಟೋನ್ಮೆಂಟು ಹಳಬರ ಬಾಯಲ್ಲಿ ಈಗಲೂ ದಂಡು. ಮರಾಠಿಯಲ್ಲಿ ದಂಡ ಎಂದರೆ ರಟ್ಟೆಯೂ ಹೌದು. ಇಂಜೆಕ್ಷನ್ ದಂಡಕ್ಕೆ ಎಂದು ನರ್ಸ್ ಹೇಳಿದರೆ, ಊರಿಂದ ಹೊಸದಾಗಿ ಬಂದ ಕನ್ನಡಿಗ ಬೆಚ್ಚಬೇಕಾಗಿಲ್ಲ.

ನಮ್ಮವರು ದಂಡ ಎಂಬ ಮಾತಿಗೆ ಕೊಟ್ಟ ತಿರುವೇ ಬೇರೆ. ಲೋಕಲ್‌ನಲ್ಲಿ ಟಿಕೆಟಿಲ್ಲದೆ ಟಿ.ಸಿ. ಕೈಗೆ ಸಿಕ್ಕವನು ಟಿಕೆಟ್ಟಿನ ದುಡ್ಡಿನ ಮೇಲೆ ಕನಿಷ್ಠ 250 ರೂಪಾಯಿ ತೆರಬೇಕು. ಮರಾಠಿಯವನು ‘ದಂಡ ಭರಲಾ’ ಎಂದು ಮುಗಿಸುತ್ತಾನೆ. ಕನ್ನಡದವನು ಮನೆಗೆ ಬಂದು ‘ಇನ್ನೂರೈವತ್ತು ದಂಡ ಆಯ್ತು’ ಎನ್ನುತ್ತಾನೆ. ಜುಲ್ಮಾನೆ ಕಟ್ಟಿದೆ ಎಂದನೋ, ದುಡ್ಡು ಹಾಳಾಯಿತು ಎಂದನೋ? ಎರಡೂ. ತಪ್ಪು ತನ್ನದೆಂಬ ಭಾಗ ಮಾತ್ರ ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ! ಅಲ್ಲಿಂದ ಮುಂದೆ ದಂಡಕ್ಕೆ ದಂಡಿಸುವವನೇ ಬೇಡ. ಹುಳಿ ಹೆಚ್ಚಾದ ದೋಸೆ ಹಿಟ್ಟು ದಂಡ, ನೋಡಿದ ಸಿನಿಮಾ ದಂಡ, ಕೆಲಸವಿಲ್ಲದೆ ತಿರುಗುವ ಹುಡುಗ ದಂಡಪಿಂಡ. ಮರಾಠಿಯ ‘ಭುರ್ದಂಡ’ ಹತ್ತಿರ ಬರುತ್ತದೆ, ಆದರೆ ಅದು ಸುಮ್ಮನೆ ತಲೆಗೆ ಬಿದ್ದ ಖರ್ಚು. ದೋಸೆ ಹಿಟ್ಟಿಗೆ ಒಗ್ಗದು.

ಭಯವೆಲ್ಲ ಹೋಗಿ ಉಳಿದದ್ದು ‘ದಂಡನೆ’ಯಲ್ಲಿ. ಜೇಬಿಗೆ ಬಿದ್ದರೆ ದಂಡ, ಮೈಗೆ ಬಿದ್ದರೆ ದಂಡನೆ. ಮರಣದಂಡನೆ ಎಂಬಲ್ಲಿ ‘ನೆ’ ತೆಗೆದು ನೋಡಿ, ಮಾತೇ ಕುಂಟುತ್ತದೆ.

2024ರ ಜುಲೈ 1ರಿಂದ ಕಾನೂನೂ ದಂಡ ಎಂಬ ಪದವನ್ನು ಹೆಸರಿನಿಂದ ಇಳಿಸಿತು. 1860ರ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂತು. ಹೆಸರು ಮೆದುವಾಯಿತು, ಒಳಗೆ ಗಲ್ಲು, ಜೀವಾವಧಿ, ಸಶ್ರಮ ಸಜೆ, ಜುಲ್ಮಾನೆ ಎಲ್ಲವೂ ಇವೆ. ಶಿಕ್ಷೆಗಳ ಪಟ್ಟಿಗೆ ಹೊಸದಾಗಿ ಸೇರಿದ್ದು ಸಮುದಾಯ ಸೇವೆ, ಅದಕ್ಕೆ ಕೂಲಿ ಕೇಳುವಂತಿಲ್ಲ. ಕೂಲಿಯಿಲ್ಲದ ದುಡಿತಕ್ಕೆ ನಮ್ಮ ಜನ ಏನನ್ನುತ್ತಾರೆಂದು ಕರಡು ಬರೆದವರು ಕೇಳಿಕೊಂಡಿರಲಾರರು: ದಂಡದ ಕೆಲಸ.