ಆಡಿಷನ್‌ಗೆ ಯಾವ ಹಾಡು? ಕಲ್ಯಾಣ ನೆಲದಲ್ಲೇ ಉಂಟು ಉತ್ತರ
ಬಸವಕಲ್ಯಾಣ: ಟಿವಿ ಗಾಯನ ಸ್ಪರ್ಧೆಯ ಆಡಿಷನ್‌ನಲ್ಲಿ ಸಿಗುವ ಸಮಯ ಅತ್ಯಲ್ಪ. ಬೆಂಗಳೂರಿಗೆ 600 ಕಿ.ಮೀ.ಗೂ ಹೆಚ್ಚು ಪ್ರಯಾಣಿಸುವ ಗಡಿಭಾಗದ ಗಾಯಕರು ಹಾಡಿನ ಆಯ್ಕೆಯಲ್ಲಿ ಎಡವಿದರೆ ಶ್ರಮವೆಲ್ಲ ವ್ಯರ್ಥ.

ವಚನ: 12ನೇ ಶತಮಾನದ ಈ ರಚನೆಗಳಿಗೆ ನಿಗದಿತ ರಾಗವಿಲ್ಲ. ಕಂಠಕ್ಕೆ ಒಗ್ಗುವ ರಾಗ, ಶ್ರುತಿಯನ್ನು ಗಾಯಕರೇ ಆರಿಸಿಕೊಳ್ಳಬಹುದು. ಆದರೆ ಉಚ್ಚಾರ ಸ್ಫುಟವಾಗಿರಬೇಕು. ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟ ಎಸ್‌.ಪಿ. ಬಾಲಸುಬ್ರಹ್ಮಣ್ಯಂ (1946–2020) ಸ್ಪರ್ಧಿಗಳ ಉಚ್ಚಾರವನ್ನೂ ತಿದ್ದುತ್ತಿದ್ದರು.

ಪ್ರಭುಪದ: ಹುಮನಾಬಾದ್ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು (1817–1865) ಕನ್ನಡ, ಮರಾಠಿ, ಹಿಂದಿಯಲ್ಲಿ ಪದಗಳನ್ನು ರಚಿಸಿದ್ದಾರೆ. ಹಿಂದೂಸ್ತಾನಿ ಅಭ್ಯಾಸವುಳ್ಳವರಿಗೆ ಇವು ಸೂಕ್ತ.

ಚಿತ್ರಗೀತೆ: ಎರಡನೆಯದಾಗಿ ಭಿನ್ನ ಲಯದ ಗೀತೆಯೊಂದು ಸಿದ್ಧವಿರಲಿ. ತಾರಸ್ಥಾಯಿಯಲ್ಲಿ ಧ್ವನಿ ಒಡೆಯುವುದಾದರೆ ಶ್ರುತಿ ತಗ್ಗಿಸುವುದು ಲೇಸು. ದೀರ್ಘ ಆಲಾಪ ಬಿಟ್ಟು ಪಲ್ಲವಿಯಿಂದಲೇ ಆರಂಭಿಸತಕ್ಕದ್ದು.