ಹೆಸರು, ಹೊತ್ತು, ಅವಧಿ: ಹುಬ್ಬಳ್ಳಿ-ಧಾರವಾಡದಲ್ಲಿ ಸಂಗೀತ ಆಲಿಕೆಯ ಇತಿಹಾಸ

ಸಂಗೀತದ ಇತಿಹಾಸವೆಂದರೆ ಸಾಮಾನ್ಯವಾಗಿ ಹಾಡಿದವರ ಇತಿಹಾಸ. ಕೇಳಿದವರು ಯಾವ ಏರ್ಪಾಡಿನಲ್ಲಿ ಕುಳಿತು ಕೇಳಿದರೆಂಬ ವಿಚಾರ ಅದರ ಅಂಚಿನಲ್ಲೇ ಉಳಿದುಬಿಡುತ್ತದೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರಂಥ ಹಿಂದುಸ್ತಾನಿ ಗಾಯಕರನ್ನು ಕಂಡ ಹುಬ್ಬಳ್ಳಿ-ಧಾರವಾಡ ಸೀಮೆಯಲ್ಲಿ ಈ ಎರಡನೆಯ ಇತಿಹಾಸವೂ ಗಮನಾರ್ಹವಾದುದು. ಸುಮಾರು ನೂರು ವರ್ಷಗಳಲ್ಲಿ ಇಲ್ಲಿನ ಕೇಳುಗರು ಬೈಠಕ್, ಗ್ರಾಮಫೋನು, ರೇಡಿಯೊ, ಕ್ಯಾಸೆಟ್ಟುಗಳನ್ನು ದಾಟಿ ಸ್ಟ್ರೀಮಿಂಗ್‌ಗೆ, ಅಂದರೆ ಧ್ವನಿಯನ್ನು ಅಂತರ್ಜಾಲದಿಂದ ನೇರವಾಗಿ ಹರಿಸಿಕೊಂಡು ಕೇಳುವ ವ್ಯವಸ್ಥೆಗೆ ಬಂದಿದ್ದಾರೆ. ಕೇಳುತ್ತಿರುವುದು ಏನು, ಯಾವ ಹೊತ್ತಿನಲ್ಲಿ ಕೇಳಬೇಕು, ಎಷ್ಟು ಹೊತ್ತು ಕೇಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಏರ್ಪಾಡೂ ತನ್ನದೇ ಉತ್ತರ ಕೊಟ್ಟಿದೆ.

ಮೊದಲ ಏರ್ಪಾಡು ಬೈಠಕ್, ಅಂದರೆ ಗಾಯಕ ಮತ್ತು ಕೇಳುಗರು ಒಂದೇ ಜಮಖಾನೆಯ ಮೇಲೆ ಎದುರುಬದುರು ಕುಳಿತುಕೊಳ್ಳುವ ಕಿರು ಸಭೆ. ನಿಧಾನವಾದ ಆಲಾಪಕ್ಕೆ ಹೆಸರಾದ ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನ್ (1872-1937) ಮೀರಜಿನಲ್ಲಿ ನೆಲೆಸಿ ಈ ಸೀಮೆಗೆ ಬಂದುಹೋಗುತ್ತಿದ್ದರು. ಕುಂದಗೋಳದ ನಾಡಿಗೇರ ವಾಡೆಯಂಥ ಮನೆಗಳು ಸಂಗೀತಗಾರರಿಗೆ ಆಶ್ರಯವಾಗಿದ್ದವು. ಬೈಠಕ್ಕಿನಲ್ಲಿ ಗಡಿಯಾರಕ್ಕಿಂತ ಹೊತ್ತಿಗೆ ಹೆಚ್ಚಿನ ಅಧಿಕಾರವಿತ್ತು. ಸಂಜೆಗೆ ಯಮನ್, ನಡುರಾತ್ರಿಗೆ ಮಾಲಕಂಸ್, ಬೆಳಗಿಗೆ ಭೈರವ ಎಂಬ ಸಮಯನಿಯಮವೇ ರಾಗಗಳ ಸರದಿಯನ್ನು ಗೊತ್ತುಮಾಡುತ್ತಿತ್ತು, ಭೈರವಿ ಬಂತೆಂದರೆ ಕಛೇರಿ ಮುಗಿಯಿತೆಂದು ಎಲ್ಲರಿಗೂ ತಿಳಿಯುತ್ತಿತ್ತು. ಒಂದು ಖಯಾಲ್ ಗಂಟೆಗಟ್ಟಲೆ ಬೆಳೆಯಬಹುದಾಗಿತ್ತು. ರಾಗದ ಗುರುತು ಸಿಗದವರಿಗೆ ಪಕ್ಕದಲ್ಲಿ ಕುಳಿತ ಬಲ್ಲವರೇ ಆಧಾರ.

ಹೊತ್ತು, ಅವಧಿ, ಹೆಸರು ಎಂಬ ಈ ಮೂರೂ ಕಟ್ಟುಗಳನ್ನು ಸಡಿಲಿಸಿದ್ದು ಅರಗಿನ ಗ್ರಾಮಫೋನ್ ತಟ್ಟೆ, ಜನರ ಬಾಯಲ್ಲಿ ‘ಪ್ಲೇಟು’. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮೈಯಲ್ಲಿ ಸುಮಾರು ಮೂರು ನಿಮಿಷದ ಗಾಯನವಷ್ಟೇ ಹಿಡಿಯುತ್ತಿದ್ದುದರಿಂದ, ಬೈಠಕ್ಕಿನಲ್ಲಿ ಒಂದು ಗಂಟೆ ಹರಡುತ್ತಿದ್ದ ರಾಗವನ್ನು ಗಾಯಕರು ಬೊಗಸೆಯಲ್ಲಿ ಹಿಡಿದು ಕೊಡಬೇಕಾಯಿತು. ಮಾಲಕಂಸವನ್ನು ಮಟಮಟ ಮಧ್ಯಾಹ್ನವೂ ಕೇಳಬಹುದಾಯಿತು. ಆದರೆ ತಟ್ಟೆ ಒಂದು ಹೊಸ ಅಗತ್ಯವನ್ನೂ ಹುಟ್ಟಿಸಿತು: ಗಾಯಕ ಎದುರಿಗಿಲ್ಲದಿರುವಾಗ ಹಾಡಿಗೆ ಲಿಖಿತ ಹೆಸರು ಬೇಕು. 1902ರಲ್ಲಿ ಕೋಲ್ಕತ್ತೆಯಲ್ಲಿ ಧ್ವನಿ ಮುದ್ರಿಸಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದುದು, ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಅದು ಯಾರ ಹಾಡೆಂದು ತಿಳಿಯಲಿ ಎಂದು. 1930ರ ದಶಕದಲ್ಲಿ ಗಂಗೂಬಾಯಿ ಅವರ ತಟ್ಟೆಗಳು ಹೊರಬಂದಾಗ ಅವುಗಳ ಚೀಟಿಯ ಮೇಲೆ ಇದ್ದ ಹೆಸರು ‘ಗಾಂಧಾರಿ’. ತಟ್ಟೆ ಗುರುವಿನ ಕೆಲಸವನ್ನೂ ಮಾಡಿತು. ಅಬ್ದುಲ್ ಕರೀಂ ಖಾನ್ ಅವರ ಧ್ವನಿಮುದ್ರಿಕೆಯೊಂದನ್ನು ಕೇಳಿ ಮರುಳಾದ ಗದಗ ಸೀಮೆಯ ಹುಡುಗ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಗುರುವನ್ನು ಅರಸಿ ಹೊರಟರು, ಮುಂದೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯರಾದರು.

1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ, ತಟ್ಟೆ ಸಡಿಲಿಸಿದ್ದನ್ನು ಬಹುಮಟ್ಟಿಗೆ ಮತ್ತೆ ಬಿಗಿಗೊಳಿಸಿತು. ಬೆಳಗಿನ ಪ್ರಸಾರಕ್ಕೆ ಬೆಳಗಿನ ರಾಗ, ರಾತ್ರಿಯ ಪ್ರಸಾರಕ್ಕೆ ರಾತ್ರಿಯ ರಾಗ ಎಂಬ ಪದ್ಧತಿಯಿಂದ ಹೊತ್ತು ಮರಳಿ ಬಂತು. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಗಂಟೆಗೂ ಮಿಕ್ಕಿದ ಕಛೇರಿಯನ್ನು ಮನೆಮನೆಗೆ ಮುಟ್ಟಿಸಿದ್ದರಿಂದ ಅವಧಿಯೂ ಮರಳಿತು. ಹೆಸರಿನ ಹೊಣೆ ಉದ್ಘೋಷಕರದಾಯಿತು: ಹಾಡುವವರು ಯಾರು, ರಾಗ ಯಾವುದು, ತಬಲಾ ಸಾಥಿ ಯಾರದು ಎಂಬ ನಾಲ್ಕು ಮಾತನ್ನು ಆಡಿದ ಮೇಲೆಯೇ ತಂಬೂರಿ ಮೀಟಬೇಕು. ಕೇಳುತ್ತ ಕೇಳುತ್ತ, ಸಂಗೀತ ಕಲಿಯದ ಮನೆಗಳಲ್ಲೂ ರಾಗದ ಹೆಸರುಗಳು ಬಳಕೆಯ ಮಾತಾದವು. ಮನಸೂರರು ಈ ನಿಲಯದ ಸಂಗೀತ ಸಲಹೆಗಾರರಾಗಿದ್ದರೆಂಬುದನ್ನು ನೆನೆದರೆ, ಮುಂದೆ ಏನು ಕೇಳಿಸಬೇಕೆಂಬ ತೀರ್ಮಾನ ಎಂಥವರ ಕೈಯಲ್ಲಿತ್ತೆಂಬುದು ತಿಳಿಯುತ್ತದೆ. ಕೊರತೆಯೆಂದರೆ, ಕೇಳುಗನಿಗೆ ಆಯ್ಕೆಯಿರಲಿಲ್ಲ. ತಪ್ಪಿದ ಪ್ರಸಾರ ತಪ್ಪಿದಂತೆಯೇ.

1980ರ ದಶಕದಲ್ಲಿ ಮನೆಮನೆಗೆ ಬಂದ ಕ್ಯಾಸೆಟ್ಟು ಆ ಕೊರತೆಯನ್ನು ತುಂಬಿತು. ರೇಡಿಯೊ ಮತ್ತು ಟೇಪು ಎರಡೂ ಇದ್ದ ‘ಟೂ ಇನ್ ಒನ್’ ಯಂತ್ರದಲ್ಲಿ ಪ್ರಸಾರವನ್ನು ಹಿಡಿದಿಟ್ಟುಕೊಂಡ ಕೇಳುಗ, ಡಬ್ಬಿಯ ಚೀಟಿಯ ಮೇಲೆ ರಾಗವನ್ನೂ ಗಾಯಕರನ್ನೂ ತನ್ನ ಕೈಯಾರೆ ಬರೆದುಕೊಂಡ.

ಈಗ ಜಿಯೊಸಾವನ್, ಗಾನಾ, 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಮುಂತಾದ ಸ್ಟ್ರೀಮಿಂಗ್ ಸೇವೆಗಳು ಆಯ್ಕೆಯನ್ನು ಎಲ್ಲೆಯಿಲ್ಲದಷ್ಟು ಹಿಗ್ಗಿಸಿವೆ. ಆದರೆ ಮೂರು ಪ್ರಶ್ನೆಗಳಿಗೆ ಅವು ಕೊಡುವ ಉತ್ತರ ಆಕಾಶವಾಣಿಯ ಉತ್ತರಕ್ಕಿಂತ ಬಡವಾಗಿದೆ. ಹಾಡಿನೊಂದಿಗೆ ಸಾಗುವ ವಿವರಗಳಿಗೆ, ಅಂದರೆ ಮೆಟಾಡೇಟಾಕ್ಕೆ, ಈ ಸೇವೆಗಳಲ್ಲಿರುವ ಮುಖ್ಯ ಮನೆಗಳು ಕಲಾವಿದ, ಆಲ್ಬಮ್, ಹಾಡು ಎಂಬ ಮೂರೇ ಆಗಿದ್ದು, ರಾಗ, ತಾಳ, ಘರಾಣೆಗಳನ್ನು ಹಾಡಿನ ಶೀರ್ಷಿಕೆಯೊಳಗೇ ತುರುಕಬೇಕಾಗುತ್ತದೆ. ಸವಾಯಿ ಗಂಧರ್ವ ಮತ್ತು ರಾಮಭಾವು ಕುಂದಗೋಳಕರ, ಗಾಂಧಾರಿ ಮತ್ತು ಗಂಗೂಬಾಯಿ ಒಬ್ಬರೇ ಎಂದು ಯಾರಾದರೂ ಬರೆದು ಜೋಡಿಸದ ಹೊರತು ಯಂತ್ರಕ್ಕೆ ತಿಳಿಯುವುದಿಲ್ಲ. ಕಲಸಿ ಕೇಳಿಸುವ ‘ಶಫಲ್’ ಒತ್ತಿದರೆ ಭೈರವಿ ಮೊದಲಾಗಿ ಯಮನ್ ಕೊನೆಯಾಗಬಹುದು. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಅದು ಒಂದು ಆಲಿಕೆಯೆಂದು ಲೆಕ್ಕಕ್ಕೆ ಸೇರುತ್ತದೆ; ಕಿರಾಣಾ ಶೈಲಿಯ ವಿಲಂಬಿತ, ಅಂದರೆ ನಿಧಾನಗತಿಯ, ಖಯಾಲಿನಲ್ಲಿ ಅಷ್ಟರೊಳಗೆ ಗಾಯಕ ಷಡ್ಜದಲ್ಲಿ ನೆಲೆ ನಿಂತಿದ್ದರೆ ಹೆಚ್ಚು. ಮೂರು ನಿಮಿಷದ ಹಾಡೂ ಐವತ್ತು ನಿಮಿಷದ ರಾಗವೂ ಅಲ್ಲಿ ಒಂದೇ ಎಣಿಕೆ.

ಈ ಕೊರತೆಗಳಲ್ಲಿ ಯಾವುದೂ ತಂತ್ರಜ್ಞಾನದ ಮಿತಿಯಲ್ಲ. ತಟ್ಟೆಗೆ ಮೂರು ನಿಮಿಷ ಮೀರಲಾಗದ ನಿರ್ಬಂಧವಿತ್ತು, ರೇಡಿಯೊಗೆ ವೇಳಾಪಟ್ಟಿಯ ನಿರ್ಬಂಧವಿತ್ತು. ಸ್ಟ್ರೀಮಿಂಗ್‌ಗೆ ಇವೆರಡೂ ಇಲ್ಲ, ಮೇಲಾಗಿ ಕೇಳುಗನ ಊರಿನಲ್ಲಿ ಈಗ ಎಷ್ಟು ಗಂಟೆಯೆಂಬುದನ್ನೂ ಅದು ಬಲ್ಲದು. ಆದ್ದರಿಂದ ಆಲಿಕೆಯನ್ನು ಉತ್ತಮಗೊಳಿಸುವ ದಾರಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ರಾಗಕ್ಕೂ ಸಾಥಿದಾರರಿಗೂ ಪ್ರತ್ಯೇಕ ಮನೆ, ಹೊತ್ತಿಗೊಪ್ಪುವ ಸರದಿ, ನಡುವೆ ಕಡಿಯದ ಪೂರ್ಣ ಅವಧಿ ಇಷ್ಟನ್ನು ಕೊಟ್ಟರೆ ಸಾಕು. ಧಾರವಾಡದ ಉದ್ಘೋಷಕರು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದ ವಿವರವನ್ನು ತೋರಿಸಲಾರದ ಸೇವೆಯಲ್ಲಿ ಕೋಟಿ ಹಾಡುಗಳಿದ್ದರೂ ಅದು ಉಗ್ರಾಣವೇ ಹೊರತು ಬೈಠಕ್ ಅಲ್ಲ.